ಕಲ್ಲಿನಲ್ಲಿ ಬರೆದ ಪ್ರಯೋಗ ಪುಸ್ತಕ: ಉತ್ತರ ಕರ್ನಾಟಕದ ಕೋಟೆ, ಮಸೀದಿ, ಗುಮ್ಮಟಗಳು

ವಿಜಯಪುರದ ಗೋಳಗುಮ್ಮಟಕ್ಕೆ ನೀವು ಹೋಗಿರಬಹುದು. ಮೂಲೆಯ ಗೋಪುರದ ಕಿರಿದಾದ ಮೆಟ್ಟಿಲುಗಳನ್ನು ಹತ್ತಿ, ಏದುಸಿರು ಬಿಡುತ್ತ ಗುಮ್ಮಟದ ಒಳಗಿನ ಮೊಗಸಾಲೆಗೆ ಕಾಲಿಟ್ಟಾಗ ಮೊದಲು ಕಿವಿಗೆ ಬೀಳುವುದು ಗದ್ದಲ. ಕೂಗುವವರು, ಸಿಳ್ಳೆ ಹಾಕುವವರು, ತಮ್ಮ ಹೆಸರನ್ನೇ ಕರೆದುಕೊಳ್ಳುವವರು. ಕೆಲವು ವರ್ಷಗಳ ಹಿಂದೆ ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳೊಂದಿಗೆ ಅಲ್ಲಿಗೆ ಹೋದಾಗ, ಬಾಗಿಲು ತೆರೆಯುತ್ತಿದ್ದಂತೆಯೇ, ಜನ ಬರುವ ಮೊದಲೇ ಮೇಲೆ ಹತ್ತಿದೆವು. ಒಬ್ಬ ವಿದ್ಯಾರ್ಥಿ ಒಂದೇ ಒಂದು ಚಪ್ಪಾಳೆ ತಟ್ಟಿದ. ಇನ್ನೊಬ್ಬಳು ನಿಲ್ಲುಗಡಿಯಾರ ಹಿಡಿದು ಎಣಿಸಿದಳು. ಒಂದರ ಹಿಂದೆ ಒಂದರಂತೆ ಹತ್ತು ಪ್ರತಿಧ್ವನಿಗಳು ಬರಲು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯಿತು.

ಇದರ ಲೆಕ್ಕ ಸುಲಭ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಶಬ್ದ ಎದುರು ಗೋಡೆಗೆ ಹೋಗಿ ಮರಳಲು 76 ಮೀಟರು ಸಾಗಬೇಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರು. ಅಂದರೆ ಒಂದು ಸುತ್ತಿಗೆ 0.22 ಸೆಕೆಂಡು, ಹತ್ತು ಸುತ್ತಿಗೆ 2.2 ಸೆಕೆಂಡು. ಎರಡು ಶಬ್ದಗಳ ನಡುವೆ ಸುಮಾರು ಹತ್ತನೇ ಒಂದು ಸೆಕೆಂಡಿನ ಅಂತರವಿದ್ದರೆ ನಮ್ಮ ಕಿವಿ ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಆದ್ದರಿಂದಲೇ ಇಲ್ಲಿ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳುತ್ತದೆ. ಬರಿಗೈ ಮತ್ತು ಗಡಿಯಾರದಿಂದ 1656ರಲ್ಲಿ ಮುಗಿದ ಕಟ್ಟಡವೊಂದರ ವ್ಯಾಸವನ್ನು ಅಳೆದಂತಾಯಿತು!

ಆ ದಿನ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ಸರ್, ಇದನ್ನು ಕಟ್ಟಿದವರು ಲೆಕ್ಕವನ್ನು ಎಲ್ಲಿ ಬರೆದಿಟ್ಟಿದ್ದಾರೆ?" ಕಟ್ಟಿದವರು ತಮ್ಮ ನಕ್ಷೆಗಳನ್ನಾಗಲಿ ಲೆಕ್ಕದ ಹಾಳೆಗಳನ್ನಾಗಲಿ ನಮ್ಮ ಕೈಗೆ ದಾಟಿಸಿಲ್ಲ. ಅವರಿಗೆ ತಿಳಿದಿದ್ದುದೆಲ್ಲ ಉಳಿದಿರುವುದು ಕಟ್ಟಡದಲ್ಲಿಯೇ: ಕಲ್ಲಿನ ಜೋಡಣೆಯಲ್ಲಿ, ಗಾರೆಯ ಹದದಲ್ಲಿ, ಕಮಾನಿನ ಬಾಗಿನಲ್ಲಿ. ಅಂದಮೇಲೆ ಕಟ್ಟಡವೇ ಅವರ ಪ್ರಯೋಗ ಪುಸ್ತಕ. ರಾಯಚೂರು, ಕಲಬುರಗಿ, ಬೀದರ್, ವಿಜಯಪುರಗಳನ್ನು ಈ ಕ್ರಮದಲ್ಲಿ ನೋಡಿದರೆ ಸುಮಾರು 350 ವರ್ಷಗಳ ಈ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವಬಹುದು.

ರಾಯಚೂರಿನ ಕಲ್ಲು, ವಿಜಯಪುರದ ಬಡಗಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರಿನ ಕೋಟೆಗೆ ಎರಡು ಸುತ್ತಿನ ಗೋಡೆಗಳಿವೆ. ಒಳಗೋಡೆ ಕಾಕತೀಯರ ಕಾಲದ್ದು. ಅದರಲ್ಲಿ ಸುಮಾರು 41 ಅಡಿ, ಎಂದರೆ 12 ಮೀಟರಿಗೂ ಉದ್ದವಾದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ತೆಲುಗು ಶಾಸನವಿದೆ. ಶಾಸನದ ಜೊತೆಗೆ ಅಪರೂಪದ ಒಂದು ಚಿತ್ರವನ್ನೂ ಕೆತ್ತಿದ್ದಾರೆ: ಎತ್ತುಗಳ ಸಾಲು ಎಳೆಯುತ್ತಿರುವ ಗಾಡಿಯ ಮೇಲೆ ಆ ಕಲ್ಲೇ ಪಯಣಿಸುತ್ತಿರುವ ದೃಶ್ಯ. ಒಂದು ಘನ ಮೀಟರು ಗ್ರಾನೈಟು ಸುಮಾರು 2.7 ಟನ್ನು ತೂಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಅಂಥ ಕಲ್ಲನ್ನು ಸಾಗಿಸಿದ್ದು ಚಿತ್ರ ಬರೆದಿಡಬೇಕಾದ ಸಾಹಸವೇ ಎಂಬುದು ಒಪ್ಪುವಂಥ ಮಾತು. ಈ ಕೋಟೆ ಮುಂದೆ ಬಹಮನಿ, ವಿಜಯನಗರ, ಆದಿಲ್‌ಶಾಹಿ ಅರಸರ ಕೈಗಳಲ್ಲಿ ಹಾದುಹೋಯಿತು. 1520ರಲ್ಲಿ ಕೃಷ್ಣದೇವರಾಯ ಇದನ್ನು ಗೆದ್ದ. ಬಂದವರೆಲ್ಲ ಏನನ್ನಾದರೂ ಸೇರಿಸಿದರು, ದುರಸ್ತಿ ಮಾಡಿದರು. ಹೀಗಾಗಿ ಈ ಕೋಟೆ ಯಾವ ಒಂದು ವಂಶದ ಆಸ್ತಿಯೂ ಅಲ್ಲ.

ಇದೇ ಮಾತನ್ನು ವಿಜಯಪುರದ ಕರೀಮುದ್ದೀನ್ ಮಸೀದಿ ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಇದು 1320ರದು. ಆದಿಲ್‌ಶಾಹಿ ಆಳ್ವಿಕೆಗಿಂತ 170 ವರ್ಷ ಹಿಂದಿನದು. ಇದರ ಕಂಬಗಳು ಹಿಂದಿನ ದೇವಾಲಯಗಳಿಂದ ಬಂದವು. ಚಾವಣಿಯೂ ದೇವಾಲಯಗಳಂತೆ ಕಂಬ, ತೊಲೆ, ಚಪ್ಪಡಿಗಳ ಜೋಡಣೆ. ಇದನ್ನು ಕಟ್ಟಿದವನು ರೇವಯ್ಯನೆಂಬ ಬಡಗಿ ಎಂದು ಅಲ್ಲಿನ ನಾಗರಿ ಲಿಪಿಯ ಶಾಸನ ತಿಳಿಸುತ್ತದೆ. ಆಳುವವರು ಬದಲಾದರೂ ಉಳಿ ಹಿಡಿದ ಕೈ ಈ ನೆಲದ್ದೇ ಆಗಿತ್ತು. ಕಂಬಗಳು ಎಲ್ಲಿಂದ ಬಂದವು ಎಂಬುದನ್ನು ಮರೆಮಾಚಬೇಕಾಗಿಲ್ಲ, ಕಟ್ಟಿದವನ ಹೆಸರನ್ನು ಮರೆಯಬೇಕಾಗಿಯೂ ಇಲ್ಲ. ಎರಡೂ ಅದೇ ಕಟ್ಟಡ ಕೊಡುವ ಸಾಕ್ಷ್ಯಗಳು.

ಕಲಬುರಗಿ: ಅಂಗಳವಿಲ್ಲದ ಮಸೀದಿ

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ಅದರ ರಾಜಧಾನಿಯಾಯಿತು. ಅಲ್ಲಿನ ಕೋಟೆಯೊಳಗಿರುವ ಜಾಮಿ ಮಸೀದಿಯ ಶಾಸನ 1367ರದು. ಸಾಮಾನ್ಯವಾಗಿ ದೊಡ್ಡ ಮಸೀದಿಗಳಲ್ಲಿ ಮುಂದೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಸುಮಾರು 66 ಮೀಟರು ಉದ್ದ, 54 ಮೀಟರು ಅಗಲದ ಇಡೀ ಜಾಗಕ್ಕೆ ಚಾವಣಿ ಹೊದಿಸಿದ್ದಾರೆ.

ಇಷ್ಟು ದೊಡ್ಡ ಜಾಗಕ್ಕೆ ಮರದ ತೊಲೆಯಿಲ್ಲದೆ, ಕಬ್ಬಿಣವಿಲ್ಲದೆ ಸೂರು ಹೊದಿಸುವುದು ಹೇಗೆ? ಕಲ್ಲು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಎಳೆತವನ್ನು ತಾಳುವುದಿಲ್ಲ. ಚಪ್ಪಡಿಯನ್ನು ಎರಡು ಕಂಬಗಳ ನಡುವೆ ಮಲಗಿಸಿದರೆ ಅದರ ಕೆಳಮೈ ಎಳೆತಕ್ಕೆ ಒಳಗಾಗಿ ಬಿರಿಯುತ್ತದೆ. ಆದ್ದರಿಂದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು. ಕಮಾನಿನಲ್ಲಾದರೆ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ, ಎಳೆಯುವುದಿಲ್ಲ. ಕಲಬುರಗಿಯ ಕೆಲಸಗಾರರು ಚಾವಣಿಯನ್ನು ಚೌಕಗಳನ್ನಾಗಿ ವಿಂಗಡಿಸಿ, ಕಮಾನುಗಳ ಮೇಲೆ ಸಾಲುಸಾಲಾಗಿ ಸಣ್ಣ ಗುಮ್ಮಟಗಳನ್ನು ಕೂರಿಸಿದರು. ಒಂದು ಗುಮ್ಮಟ ಹೊರಕ್ಕೆ ತಳ್ಳುವ ಬಲವನ್ನು ಪಕ್ಕದ ಗುಮ್ಮಟ ಎದುರಿನಿಂದ ತಳ್ಳಿ ಸರಿದೂಗಿಸುತ್ತದೆ. ಅಂಚಿನ ಸಾಲುಗಳಲ್ಲಿ ಮಾತ್ರ ಎದುರು ತಳ್ಳಲು ಯಾರೂ ಇಲ್ಲ. ಅಲ್ಲಿ ದಪ್ಪ ಗಿಡ್ಡ ಆಧಾರಗಳ ಮೇಲೆ ಅಗಲವಾದ, ತಗ್ಗಾದ ಕಮಾನುಗಳನ್ನು ಕಾಣುತ್ತೇವೆ. ಹೊರಬದಿಯ ಕಮಾನುಗಳು ತೆರೆದಿರುವುದರಿಂದ ಅಂಗಳವಿಲ್ಲದಿದ್ದರೂ ಒಳಗೆ ಗಾಳಿ ಬೆಳಕಿಗೆ ಕೊರತೆಯಿಲ್ಲ.

ಬೀದರ್: ಇಟ್ಟಿಗೆಯಂಥ ಕಲ್ಲು, ನೆಲದಡಿಯ ಕಾಲುವೆ

ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ಬದಲಾಯಿಸಿದ. ಕೋಟೆಯೊಳಗಿನ ಸೋಲಾ ಖಂಬ ಮಸೀದಿ 1423–24ರದು, ರಾಜಧಾನಿ ಇಲ್ಲಿಗೆ ಬಂದ ಹೊತ್ತಿನದೇ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಭೂವಿಜ್ಞಾನಿಗಳು ಇದನ್ನು ಲ್ಯಾಟರೈಟ್ ಎನ್ನುತ್ತಾರೆ. ಈ ಹೆಸರನ್ನು 1807ರಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನೆಲದಿಂದ ಹೊಸದಾಗಿ ಕಡಿದಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಕಡಿಯಲು ಸುಲಭ, ಬಾಳಿಕೆಯೂ ಇದೆ. ಬೀದರ್ ಕೋಟೆಯ ಒಂದು ಪಾರ್ಶ್ವದಲ್ಲಿ ನೆಲದ ಬಂಡೆಯಲ್ಲೇ ಕೊರೆದ ಮೂರು ಸಾಲಿನ ಕಂದಕವನ್ನು ನೋಡಿದಾಗ ಈ ಗುಣದ ಬೆಲೆ ತಿಳಿಯುತ್ತದೆ.

ಜಂಬಿಟ್ಟಿಗೆಯ ತುಂಬ ರಂಧ್ರಗಳು. ಮಳೆಯ ನೀರು ಅದರೊಳಗೆ ಇಂಗುತ್ತದೆ. ಕೆಳಗಿರುವುದು ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ. ಎರಡರ ನಡುವೆ ಜೇಡಿಯಂಥ ಪದರವಿದ್ದು, ನೀರು ಅದರಾಚೆಗೆ ಸುಲಭವಾಗಿ ಇಳಿಯದೆ ಅಲ್ಲಿಯೇ ನಿಲ್ಲುತ್ತದೆ. ಈ ನೀರನ್ನು ಹಿಡಿಯಲು ಪರ್ಷಿಯಾದಲ್ಲಿ ಬಳಕೆಯಲ್ಲಿದ್ದ 'ಕರೇಜ್' ವಿಧಾನವನ್ನು ಇಲ್ಲಿ ಅಳವಡಿಸಿದರು. ನೀರಿರುವ ಪದರದಿಂದ ಹೊರಟ ಸುರಂಗ ಸ್ವಲ್ಪವೇ ಇಳಿಜಾರಿನಲ್ಲಿ ಸಾಗುತ್ತದೆ. ಪಂಪು ಬೇಡ, ರಾಟೆ ಬೇಡ; ಗುರುತ್ವವೇ ನೀರನ್ನು ಒಯ್ಯುತ್ತದೆ. ಇಳಿಜಾರು ಹೆಚ್ಚಾದರೆ ಹರಿವಿನ ರಭಸಕ್ಕೆ ಸುರಂಗ ಕೊರೆದುಹೋಗುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಬೀದರಿನ ನೌಬಾದ್ ಕರೇಜ್ ಎರಡು ಕಿಲೋಮೀಟರಿಗೂ ಉದ್ದ. ಅದರ ಉದ್ದಕ್ಕೂ ಗಾಳಿ ಬೆಳಕಿಗೆಂದು, ಮಣ್ಣು ಎತ್ತಲೆಂದು ತೋಡಿದ 21 ಬಾವಿಗಳಿವೆ. ಜನರ ಬಾಯಲ್ಲಿ ಇದು 'ಸುರಂಗ ಬಾವಿ'. ಹೂಳು ತುಂಬಿದ್ದ ಈ ಸುರಂಗವನ್ನು 2010ರ ದಶಕದಲ್ಲಿ ಅಧ್ಯಯನ ಮಾಡಿ ಸ್ವಚ್ಛಗೊಳಿಸುವ ಕೆಲಸ ನಡೆಯಿತು. ಕೋಟೆಯ ಗೋಡೆಯಷ್ಟೇ ಪರಂಪರೆ ಎಂದುಕೊಂಡವರಿಗೆ ನೆಲದ ಮೇಲ್ಮೈಯೇ, ಅದರಡಿಯ ನೀರೇ ಪರಂಪರೆಯ ಭಾಗ ಎಂಬುದನ್ನು ಬೀದರ್ ತೋರಿಸಿಕೊಟ್ಟಿತು.

ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಇಲ್ಲಿ ಒಂದು ಮದರಸಾ ಕಟ್ಟಿಸಿದ. ಮೂರು ಅಂತಸ್ತಿನ ವಿದ್ಯಾಲಯ, ಮುಂಭಾಗಕ್ಕೆ ಬಣ್ಣದ ಮೆರುಗು ಹೆಂಚುಗಳು. ಔರಂಗಜೇಬನ ಆಳ್ವಿಕೆಯಲ್ಲಿ ಇಲ್ಲಿ ಮದ್ದುಗುಂಡು ಶೇಖರಿಸಿದ್ದಾಗ 1696ರಲ್ಲಿ ಸ್ಫೋಟವಾಗಿ ಒಂದು ಪಾರ್ಶ್ವ ಕುಸಿಯಿತು. ಈಗ ಒಂದೇ ಮಿನಾರು ನಿಂತಿದೆ. ಓದುವ ಮನೆಯನ್ನು ಮದ್ದಿನ ಮನೆಯಾಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ವಿಜಯಪುರ: ಕಮಾನುಗಳ ಜಾಲ, ಗಂಟೆಯಂಥ ಫಿರಂಗಿ

1490ರಿಂದ 1686ರವರೆಗೆ ಆಳಿದ ಆದಿಲ್‌ಶಾಹಿಗಳ ಕಾಲದಲ್ಲಿ ಗುಮ್ಮಟದ ಪ್ರಯೋಗ ತುದಿ ಮುಟ್ಟಿತು. ಅರ್ಧಗೋಲದ ಗುಮ್ಮಟಕ್ಕೆ ಒಂದು ತೊಂದರೆಯಿದೆ. ತೆಳುವಾದ ಅರ್ಧಗೋಲವೊಂದು ತನ್ನದೇ ಭಾರವನ್ನು ಹೊತ್ತಾಗ, ನೆತ್ತಿಯಿಂದ ಸುಮಾರು 52 ಡಿಗ್ರಿಯವರೆಗೆ ಅದರ ಅಡ್ಡ ಬಳೆಗಳು ಒತ್ತಡದಲ್ಲಿರುತ್ತವೆ. ಅದರ ಕೆಳಗೆ ಎಳೆತ ಶುರುವಾಗುತ್ತದೆ. ಗುಮ್ಮಟದ ಬುಡ ಹೊರಕ್ಕೆ ಜಾರಲು ನೋಡುತ್ತದೆ. ಇಟ್ಟಿಗೆ ಗಾರೆಗಳಿಗೆ ಎಳೆತ ಆಗಿಬರುವುದಿಲ್ಲ. ಯುರೋಪಿನಲ್ಲಿ ಇದಕ್ಕೆ ಕೆಲವೆಡೆ ಕಬ್ಬಿಣದ ಸರಪಳಿ ಬಿಗಿದರು.

ವಿಜಯಪುರದವರು ಹುಡುಕಿದ ದಾರಿ ಬೇರೆ. ಚೌಕ ಕೋಣೆಯ ಗೋಡೆಗಳಿಂದ ಎಂಟು ಕಮಾನುಗಳನ್ನು ಎಬ್ಬಿಸಿದರು. ಅವು ಒಂದನ್ನೊಂದು ಕತ್ತರಿಸುತ್ತ ಸಾಗಿ, ಒಂದರ ಮೇಲೊಂದು ಓರೆಯಾಗಿಟ್ಟ ಎರಡು ಚೌಕಗಳ ಆಕಾರ ತಾಳಿದವು. ಅವುಗಳ ನಡುವೆ ತುಂಬಿದ ಕಟ್ಟಡ ಕೋಣೆಯ ಒಳಕ್ಕೆ ಚಾಚಿಕೊಂಡಿತು. ಹೀಗೆ ಒಳಕ್ಕೆ ಚಾಚಿದ ಈ ಭಾರ, ಹೊರಕ್ಕೆ ತಳ್ಳುವ ಗುಮ್ಮಟದ ಬಲಕ್ಕೆ ಪ್ರತಿಯಾಗಿ ನಿಂತಿತು. ಅಲಿ ಆದಿಲ್ ಶಾಹನ ಕಾಲದಲ್ಲಿ, ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾದ ಜಾಮಿ ಮಸೀದಿಯಲ್ಲಿ ಇದೇ ಉಪಾಯವನ್ನು ಚಿಕ್ಕ ಪ್ರಮಾಣದಲ್ಲಿ ಕಾಣಬಹುದು. ಅಲ್ಲಿನ ಗುಮ್ಮಟ ಗೋಳಗುಮ್ಮಟದ ಅರ್ಧಕ್ಕಿಂತ ಚಿಕ್ಕದು. ಮುಂದೆ ಮಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಳಗುಮ್ಮಟದಲ್ಲಿ ಅದೇ ಉಪಾಯ 44 ಮೀಟರು ಹೊರವ್ಯಾಸದ ಗುಮ್ಮಟವನ್ನು ಹೊತ್ತು ನಿಂತಿತು. ಮೊದಲು ಮಾದರಿ, ಆಮೇಲೆ ಪೂರ್ಣ ಪ್ರಮಾಣದ ಪ್ರಯೋಗ! ಎರಡರಲ್ಲಿ ಒಂದು ಬಿದ್ದುಹೋಗಿದ್ದರೆ ಈ ಬೆಳವಣಿಗೆಯ ಸರಪಳಿಯೇ ನಮಗೆ ಕಾಣುತ್ತಿರಲಿಲ್ಲ.

ಪಿಸುಮಾತಿನ ಮೊಗಸಾಲೆಗೂ ವಿಜ್ಞಾನದ ಚರಿತ್ರೆಯಲ್ಲಿ ಜಾಗವಿದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಮೊಗಸಾಲೆಯನ್ನು ಲಾರ್ಡ್ ರ್‍ಯಾಲಿ ವಿವರಿಸಿದ್ದ: ಪಿಸುಮಾತು ಕೋಣೆಯ ನಡುವಿನಿಂದ ಹಾಯದೆ ಬಾಗಿದ ಗೋಡೆಗೆ ಅಂಟಿಕೊಂಡಂತೆ ತೆವಳುತ್ತದೆ. ನಮ್ಮ ಸಿ.ವಿ. ರಾಮನ್ 1921–22ರಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡು ಸೇಂಟ್ ಪಾಲ್ಸ್ ಜೊತೆಗೆ ಗೋಳಗುಮ್ಮಟವನ್ನೂ ಪರಿಶೀಲಿಸಿದರು. ಅವರಿಗೆ ನೊಬೆಲ್ ತಂದ ಸಂಶೋಧನೆಗಿಂತ ಆರೇಳು ವರ್ಷ ಮೊದಲಿನ ಮಾತಿದು.

ನಗರದ ಕೋಟೆಗೋಡೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಫಿರಂಗಿಯನ್ನೂ ನೋಡಿ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದು, ಮುಂದಿನ ಶತಮಾನದಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದದ್ದು. ಉದ್ದ ನಾಲ್ಕು ಮೀಟರಿಗೂ ಹೆಚ್ಚು, ತೂಕ ಸುಮಾರು 55 ಟನ್ನು. ಸುಮಾರು 80 ಭಾಗ ತಾಮ್ರಕ್ಕೆ 20 ಭಾಗ ತವರ ಬೆರೆತ ಕಂಚು ಇದು. ಗಂಟೆಗಳನ್ನು ಎರಕ ಹೊಯ್ಯುವ ಮಿಶ್ರಣವೂ ಹೆಚ್ಚುಕಡಿಮೆ ಇದೇ. ತಟ್ಟಿದರೆ ಗಂಟೆಯಂತೆ ನಾದ ಬರುವುದು ಅದಕ್ಕೇ.

ಗೋಡೆಯನ್ನು ಓದುವ ವಿಧಾನಗಳು

ಶಾಸನವಿಲ್ಲದ ಗೋಡೆಯ ಕಾಲವನ್ನು ತಿಳಿಯುವುದು ಹೇಗೆ? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ಇಟ್ಟಿಗೆಯೊಳಗಿನ ಬೆಣಚುಕಲ್ಲಿನ ಹರಳುಗಳು ಸುತ್ತಲಿನ ನೈಸರ್ಗಿಕ ವಿಕಿರಣದಿಂದ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತ ಹೋಗುತ್ತವೆ. ಭಟ್ಟಿಯಲ್ಲಿ ಸುಟ್ಟಾಗ ಹಳೆಯ ಖಾತೆ ಸೊನ್ನೆಯಾಗಿ ಹೊಸ ಖಾತೆ ಆರಂಭವಾಗುತ್ತದೆ. ಪ್ರಯೋಗಾಲಯದಲ್ಲಿ ಆ ಹರಳನ್ನು ಕಾಯಿಸಿದಾಗ ಹೊಮ್ಮುವ ಮಂದ ಬೆಳಕನ್ನು ಅಳೆದು, ಇಟ್ಟಿಗೆ ಸುಟ್ಟು ಎಷ್ಟು ವರ್ಷವಾಯಿತೆಂದು ಅಂದಾಜು ಮಾಡಬಹುದು. ಇದೇ ಉಷ್ಣದೀಪ್ತಿ ವಿಧಾನ.

ಸುಣ್ಣದ ಗಾರೆಯೂ ಒಂದು ಗಡಿಯಾರವೇ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿ ಅರಳಿಸಿ, ಮರಳು ಬೆರೆಸಿ ಗಾರೆ ಮಾಡುತ್ತಾರೆ. ಗೋಡೆಯಲ್ಲಿ ಅದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡನ್ನು ಮತ್ತೆ ಹೀರಿಕೊಂಡು ಕಲ್ಲಾಗುತ್ತದೆ. ಹೀರಿಕೊಂಡ ಕಾರ್ಬನ್ ಆ ಕಾಲದ ಗಾಳಿಯದು. ಆದ್ದರಿಂದ ರೇಡಿಯೊಕಾರ್ಬನ್ ವಿಧಾನವನ್ನು ಅದಕ್ಕೂ ಅನ್ವಯಿಸಬಹುದು. ಸರಿಯಾಗಿ ಸುಡದ ಸುಣ್ಣಕಲ್ಲಿನ ಚೂರುಗಳು ಉಳಿದಿದ್ದರೆ ಲೆಕ್ಕ ತಪ್ಪುತ್ತದೆ, ಅಷ್ಟು ಎಚ್ಚರಿಕೆ ಬೇಕು.

ಅಳಿಸಿಹೋಗುವ ಪುಟಗಳು

ಈ ವಿಧಾನಗಳೆಲ್ಲ ಫಲ ಕೊಡಬೇಕಾದರೆ ಮೂಲ ಇಟ್ಟಿಗೆ, ಮೂಲ ಗಾರೆ ಅಲ್ಲಿಯೇ ಇರಬೇಕು. ನಮ್ಮ ಕಷ್ಟ ಇರುವುದು ಇಲ್ಲಿ. ಹಳೆಯ ಗೋಡೆ ಬಿರುಕು ಬಿಟ್ಟಾಗ ಒಳ್ಳೆಯ ಉದ್ದೇಶದಿಂದಲೇ ಸಿಮೆಂಟು ಮೆತ್ತುವುದುಂಟು. ಸುಣ್ಣದ ಗಾರೆ ಉಸಿರಾಡುತ್ತದೆ. ಗೋಡೆಯೊಳಗಿನ ತೇವ ಅದರ ಮೂಲಕ ಹೊರಗೆ ಆವಿಯಾಗುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಆಗ ತೇವ ಪಕ್ಕದ ಹಳೆಯ ಕಲ್ಲಿನ ಮೂಲಕವೇ ಹೊರಬರಬೇಕು. ನೀರು ಆರಿದಾಗ ಅದರಲ್ಲಿ ಕರಗಿದ್ದ ಲವಣ ಕಲ್ಲಿನ ರಂಧ್ರಗಳೊಳಗೆ ಹರಳುಗಟ್ಟಿ, ಹಿಗ್ಗಿ, ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಸಿಮೆಂಟು ಹಾಗೆಯೇ ನಿಂತಿರುತ್ತದೆ, ಕಲ್ಲು ಉದುರುತ್ತದೆ. ಬಿರುಕಿನಲ್ಲಿ ಬೇರುಬಿಟ್ಟ ಅರಳಿಯ ಸಸಿಯೂ, ಗೋಡೆಯ ಮೇಲೆ ಹೆಸರು ಕೊರೆಯುವ ಪ್ರವಾಸಿಯ ಮೊಳೆಯೂ ಉಳಿದ ಕೆಲಸವನ್ನು ಪೂರೈಸುತ್ತವೆ.

ನಿರ್ಲಕ್ಷ್ಯ ಹೊಸದೇನಲ್ಲ. 1854ರಲ್ಲಿ ಮಲಿಕ್-ಎ-ಮೈದಾನ್ ಫಿರಂಗಿಯನ್ನು ನಿರುಪಯುಕ್ತ ಸಾಮಾನೆಂದು ಹರಾಜಿಗಿಟ್ಟಿದ್ದರು. ಅತಿ ಹೆಚ್ಚಿನ ಬೇಡಿಕೆ 150 ರೂಪಾಯಿ! ಬಂದ ಬೆಲೆ ತೀರ ಅಲ್ಪ, ಜನರಿಗೆ ಅದರ ಮೇಲಿರುವ ಗೌರವ ದೊಡ್ಡದು ಎಂದು ಸ್ಥಳೀಯ ಅಧಿಕಾರಿಯೊಬ್ಬ ಮೇಲಿನವರಿಗೆ ಬರೆದ. ಹರಾಜು ರದ್ದಾಯಿತು. ಒಂದು ಪತ್ರದಿಂದ 55 ಟನ್ನಿನ ಇತಿಹಾಸ ಕುಲುಮೆಯಿಂದ ಪಾರಾಯಿತು.

ಇಂದು ಕಾನೂನಿನ ಬಲವಿದೆ. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಬಂತು. ಸ್ವಾತಂತ್ರ್ಯಾನಂತರ 1958ರಲ್ಲಿ ಹೊಸ ಕಾಯಿದೆಯಾಯಿತು. ಅದಕ್ಕೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರು ನಿಷೇಧಿತ ವಲಯ, ಅದರಾಚೆಯ 200 ಮೀಟರು ನಿಯಂತ್ರಿತ ವಲಯ. ದಖ್ಖನ್ನಿನ ಸುಲ್ತಾನರ ಕಾಲದ ಸ್ಮಾರಕಗಳು ಮತ್ತು ಕೋಟೆಗಳು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದವು. ಆದರೆ ಕಾನೂನು ಸ್ಮಾರಕದ ಸುತ್ತ ಗೆರೆ ಎಳೆಯಬಲ್ಲದು, ನೆರೆಯವರ ಮನಸ್ಸಿನಲ್ಲಿ ಅಲ್ಲ. ಸುತ್ತಲಿನ ಜನರಿಗೆ ಸ್ಮಾರಕವೆಂದರೆ ಮನೆ ದುರಸ್ತಿಗೆ ಅಡ್ಡಿ ಎಂದಷ್ಟೇ ಅನ್ನಿಸಿದರೆ ಅದು ಉಳಿಯುವುದು ಕಷ್ಟ. ಅದರಲ್ಲಿ ಏನು ಬರೆದಿದೆ ಎಂಬುದು ಅವರಿಗೂ ತಿಳಿಯಬೇಕು.

ನೀವೂ ಮಾಡಿ ನೋಡಿ

ನಿಮ್ಮ ಊರಿನಲ್ಲೂ ಒಂದು ಹಾಳುಕೋಟೆ, ಹಳೆಯ ಮಸೀದಿ, ಗುಡಿ ಅಥವಾ ಬಾವಿ ಇರಬಹುದು. ಶಾಲೆಯ ವಿಜ್ಞಾನ ಸಂಘದವರು ಒಂದು ಅಳತೆಪಟ್ಟಿ, ದಿಕ್ಸೂಚಿ, ಕ್ಯಾಮೆರಾ ಹಿಡಿದು ಹೊರಡಿ. ಗೋಡೆಯ ಉದ್ದ, ದಪ್ಪ ಅಳೆಯಿರಿ. ಯಾವ ಕಲ್ಲು, ಗಾರೆಯಿದೆಯೇ ಇಲ್ಲವೇ, ತೇವ ಎಷ್ಟು ಎತ್ತರದವರೆಗೆ ಏರಿದೆ, ಎಲ್ಲಿ ಗಿಡ ಬೆಳೆದಿದೆ, ಬರೆದುಕೊಳ್ಳಿ. ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು ಚಿತ್ರ ತೆಗೆಯಿರಿ. ಮುಂದಿನ ವರ್ಷ ಅದೇ ಜಾಗದಲ್ಲಿ ಇನ್ನೊಂದು ಚಿತ್ರ. ಬಿರುಕು ಬೆಳೆಯುತ್ತಿದೆಯೇ ಎಂಬುದು ಆಗ ತಿಳಿಯುತ್ತದೆ. ಏನನ್ನೂ ಕೆರೆಯಬೇಡಿ, ಕೀಳಬೇಡಿ, ಅಗೆಯಬೇಡಿ. ನಿಮ್ಮ ವರದಿಯ ಒಂದು ಪ್ರತಿಯನ್ನು ಪುರಾತತ್ತ್ವ ಇಲಾಖೆಯ ಹತ್ತಿರದ ಕಚೇರಿಗೆ ಕಳುಹಿಸಿ. 1854ರ ಆ ಪತ್ರದ ಕಥೆ ನೆನಪಿರಲಿ.

ನಮ್ಮ ಪ್ರಯೋಗಾಲಯದಲ್ಲಿ ಪ್ರಯೋಗ ಕೆಟ್ಟರೆ ನಾಳೆ ಮತ್ತೆ ಮಾಡಬಹುದು. ರೇವಯ್ಯನ ಕಾಲದಿಂದ ಗೋಳಗುಮ್ಮಟದವರೆಗೆ ನಡೆದ ಪ್ರಯೋಗವನ್ನು ಮತ್ತೆ ಮಾಡಲಾಗದು. ಅದರ ಒಂದೇ ಪ್ರತಿ ನಮ್ಮ ಕೈಯಲ್ಲಿದೆ. ಮುಂದಿನ ಸಲ ಗೋಳಗುಮ್ಮಟಕ್ಕೆ ಹೋದಾಗ ಕೂಗುವ ಮುನ್ನ ಒಂದು ಕ್ಷಣ ಸುಮ್ಮನಿರಿ. ಆಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ, ಎಣಿಸಿ.